253 ಪೆಟ್ಟಿಗೆಗಳಲ್ಲಿ ಹಡಗು ಹತ್ತಿದ ಇಟ್ಟಿಗೆ ಮನೆ

ಮೆಲ್ಬರ್ನ್‌ನಲ್ಲಿರೋ ನಮ್ಮ ಕೇಳುಗರು ಇವತ್ತಿನ ಎಪಿಸೋಡ್ ಯಾವುದರ ಬಗ್ಗೆ ಅಂತ ಗೊತ್ತಾದ ತಕ್ಷಣ ‘ಓ, ಅದಾ’ ಅಂದಿರ್ತಾರೆ. ಊರಿಂದ ಅಪ್ಪ ಅಮ್ಮ ಬಂದಾಗ ಕರ್ಕೊಂಡು ಹೋಗಿ ಫೋಟೋ ತೆಗೆಸೋ ಜಾಗಗಳಲ್ಲಿ ಅದೂ ಒಂದು. ಫಿಟ್ಜ್‌ರಾಯ್ ಗಾರ್ಡನ್ಸ್ ಅನ್ನೋ ದೊಡ್ಡ ಪಾರ್ಕು, ಅದರೊಳಗೆ ಒಂದು ಪುಟ್ಟ ಇಟ್ಟಿಗೆ ಮನೆ. ಹೆಂಚಿನ ಛಾವಣಿ, ಗೋಡೆಗೆ ಹಬ್ಬಿದ ಐವಿ ಬಳ್ಳಿ, ಸುತ್ತ ಒಂದು ಕೈತೋಟ. ಹೆಸರು ಕುಕ್ಸ್ ಕಾಟೇಜ್. ಕಟ್ಟಿದ್ದು 1755ರಲ್ಲಿ. ಆಸ್ಟ್ರೇಲಿಯಾದಲ್ಲಿರೋ ಅತ್ಯಂತ ಹಳೆಯ ಮನೆ ಅಂತ ಇದನ್ನ ಹೇಳ್ತಾರೆ.

ಒಂದ್ನಿಮಿಷ ಲೆಕ್ಕ ಹಾಕಿ. ಬ್ರಿಟಿಷರ ಮೊದಲ ಹಡಗುಗಳು ಬಂದು ಸಿಡ್ನಿಯಲ್ಲಿ ನೆಲೆಯೂರಿದ್ದು 1788ರಲ್ಲಿ. ಮೆಲ್ಬರ್ನ್ ಅನ್ನೋ ಊರು ಶುರುವಾಗಿದ್ದೇ 1835ರಲ್ಲಿ. ಊರು ಹುಟ್ಟೋಕೆ 80 ವರ್ಷ ಮುಂಚೆ ಆ ಊರಲ್ಲಿ ಇಂಗ್ಲಿಷ್ ಮನೆ ಎಲ್ಲಿಂದ ಬಂತು?

ಹಡಗಿನಲ್ಲಿ ಬಂತು. ಪೂರ್ತಿ ಮನೆ, ಬಿಚ್ಚಿ, 253 ಮರದ ಪೆಟ್ಟಿಗೆ ಮತ್ತು 40 ಪೀಪಾಯಿಗಳಲ್ಲಿ ತುಂಬಿಕೊಂಡು. ಒಂದು ಹಳೇ ಮನೆಯನ್ನ ‘ಉಳಿಸೋದು’ ಅಂದ್ರೆ ನಿಜಕ್ಕೂ ಏನನ್ನ ಉಳಿಸೋದು ಅನ್ನೋ ಪ್ರಶ್ನೆ ನನ್ನನ್ನ ತುಂಬಾ ದಿನದಿಂದ ಕಾಡ್ತಿತ್ತು. ಅದಕ್ಕೆ ಇದಕ್ಕಿಂತ ಒಳ್ಳೇ ಕೇಸ್ ಸಿಗಲ್ಲ.

ಮೊದಲು ಕಟ್ಟಿದವರ ಕಥೆ. ಇಂಗ್ಲೆಂಡಿನ ಉತ್ತರಕ್ಕೆ ಯಾರ್ಕ್‌ಶೈರ್. ಅಲ್ಲಿ ಗ್ರೇಟ್ ಏಟನ್ ಅನ್ನೋ ಹಳ್ಳಿ, ಊರ ನಡುವೆ ಲೆವನ್ ಅಂತ ಒಂದು ಸಣ್ಣ ಹೊಳೆ. ಸ್ಕಾಟ್ಲೆಂಡಿನಿಂದ ಕೂಲಿ ಹುಡುಕಿಕೊಂಡು ಬಂದ ಜೇಮ್ಸ್ ಕುಕ್ ಅನ್ನೋ ರೈತಾಳು, ಅವನ ಹೆಂಡತಿ ಗ್ರೇಸ್, ಮಕ್ಕಳು 1736ರಲ್ಲಿ ಈ ಊರಿಗೆ ಬಂದ್ರು. ಊರ ಜಮೀನ್ದಾರ ಥಾಮಸ್ ಸ್ಕಾಟೋ ಅವರ ಏರಿಹೋಮ್ ಅನ್ನೋ ಹೊಲಮನೆಯಲ್ಲಿ ಉಸ್ತುವಾರಿ ಕೆಲಸ. ಆಳಿನಿಂದ ಉಸ್ತುವಾರಿ, ಅಂದ್ರೆ ಒಂದು ಪ್ರಮೋಷನ್. ಅಪ್ಪನ ಹೆಸರನ್ನೇ ಇಟ್ಟುಕೊಂಡಿದ್ದ ಮಗ ಜೇಮ್ಸ್‌ಗೆ ಆಗ ಏಳೆಂಟು ವರ್ಷ. ಅವನ ಶಾಲೆ ಫೀಸು ಕಟ್ಟಿದ್ದು ಅದೇ ಜಮೀನ್ದಾರ. ಆ ಮಗನೇ ಮುಂದೆ ಕ್ಯಾಪ್ಟನ್ ಕುಕ್.

ಆದ್ರೆ ಇಲ್ಲಿ ಒಂದು ತಾರೀಖು ಗಮನಿಸಿ. ಹುಡುಗ ಹದಿನಾರನೇ ವಯಸ್ಸಿಗೆ, 1745ರಲ್ಲಿ, ಸಮುದ್ರ ತೀರದ ಸ್ಟೇತ್ಸ್ ಅನ್ನೋ ಊರಿನ ಅಂಗಡಿಗೆ ಕೆಲಸಕ್ಕೆ ಹೋದ. ಅಲ್ಲಿಂದ ವಿಟ್ಬಿ ಬಂದರಿಗೆ, ಕಲ್ಲಿದ್ದಲು ಸಾಗಿಸೋ ಹಡಗಿಗೆ. ಅಪ್ಪ ಅಮ್ಮ ಹೊಲಮನೆ ಬಿಟ್ಟು ಸ್ವಂತ ಮನೆ ಕಟ್ಟಿಸಿದ್ದು 1755ರಲ್ಲಿ. ಅದೇ ವರ್ಷ ಜೂನ್‌ನಲ್ಲಿ ಮಗ ಬ್ರಿಟಿಷ್ ನೌಕಾಪಡೆ ಸೇರಿದ, 26 ವರ್ಷದವನು. ಮನೆ ಬಿಟ್ಟು ಹತ್ತು ವರ್ಷ ಆಗಿತ್ತು. ಅಂದ್ರೆ ಕ್ಯಾಪ್ಟನ್ ಕುಕ್ ಬೆಳೆದ ಮನೆ ಇದಲ್ಲ. ಇಲ್ಲಿ ಅವನು ಸಂಸಾರ ಹೂಡಿದ್ದೂ ಇಲ್ಲ. ಅಪ್ಪ ಅಮ್ಮನನ್ನ ನೋಡೋಕೆ ಬಂದು ಹೋಗಿರಬೇಕು, ಅಷ್ಟೆ. ನಮ್ಮಲ್ಲಿ ಬೆಂಗಳೂರಿನ ಕೆಲಸದ ಮಗ ಊರಿಗೆ ರಜೆಗೆ ಬಂದು ಹೋಗ್ತಾನಲ್ಲ, ಹಾಗೆ.

ಈಗ ಮನೆ. ನನ್ನ ಅಕ್ಕ, ಅಂದ್ರೆ ದೊಡ್ಡಮ್ಮನ ಮಗಳು, ಮೆಲ್ಬರ್ನ್‌ನಲ್ಲಿದ್ದಾಳೆ. ವಿಡಿಯೋ ಕಾಲ್‌ನಲ್ಲಿ ಮನೆ ಸುತ್ತ ಒಂದು ರೌಂಡ್ ಹೊಡೆದು ತೋರಿಸಿದ್ಳು. ‘ಇಷ್ಟೇನಾ’ ಅಂದೆ. ‘ಇಷ್ಟೇ ಕಣೋ’ ಅಂದ್ಳು. ಎರಡು ಅಂತಸ್ತು ಇದೆ ಅನ್ನೋದು ಹೌದು, ಆದ್ರೆ ಕೋಣೆಗಳು ಚಿಕ್ಕವು, ಕಿಟಕಿಗಳು ಚಿಕ್ಕವು. ಚಳಿ ನಾಡಿನ ಬಡವರ ಮನೆ ಹಾಗೇ ಇರಬೇಕು. ದೊಡ್ಡ ಕೋಣೆ ಅಂದ್ರೆ ಬಿಸಿ ಮಾಡೋಕೆ ಜಾಸ್ತಿ ಉರುವಲು. ಒಲೆಗೂಡು ಇರೋ ಕೋಣೆಯೇ ಮನೆಯ ಎದೆ. ಅಡುಗೆ, ಊಟ, ಮಾತು, ಬಟ್ಟೆ ಒಣಗಿಸೋದು ಎಲ್ಲಾ ಅದರ ಮುಂದೆ.

ಛಾವಣಿಯ ಹೆಂಚು ನೋಡಿ ನಮ್ಮ ಮಂಗಳೂರು ಹೆಂಚಿನ ಹಾಗೆ ಅಂದುಕೊಳ್ಳಬೇಡಿ. ಮಂಗಳೂರು ಹೆಂಚು ಚಪ್ಪಟೆ, ಅಂಚಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳೋ ಗಾಡಿ ಇರುತ್ತೆ, ಅದು ಬಂದಿದ್ದೇ 1865ರ ಬಾಸೆಲ್ ಮಿಷನ್ ಕಾರ್ಖಾನೆಯಿಂದ. ಯಾರ್ಕ್‌ಶೈರಿನದ್ದು ಅದಕ್ಕಿಂತ ಹಳೇ ಕ್ರಮ. ಪ್ಯಾನ್‌ಟೈಲ್ ಅಂತಾರೆ. ಅಡ್ಡಲಾಗಿ ನೋಡಿದ್ರೆ ಇಂಗ್ಲಿಷಿನ ಎಸ್ ಅಕ್ಷರವನ್ನ ಮಲಗಿಸಿದ ಹಾಗೆ ಬಾಗಿರುತ್ತೆ, ಒಂದರ ಉಬ್ಬು ಪಕ್ಕದ ಹೆಂಚಿನ ಅಂಚನ್ನ ಮುಚ್ಚುತ್ತೆ. 17ನೇ ಶತಮಾನದಲ್ಲಿ ಇವು ಇಂಗ್ಲೆಂಡಿನ ಪೂರ್ವ ತೀರಕ್ಕೆ ಬರ್ತಿದ್ದಿದ್ದು ಹಾಲೆಂಡಿನಿಂದ, ಹಡಗಿನಲ್ಲಿ. ಆಮೇಲೆ ಅಲ್ಲೇ ಸುಡೋಕೆ ಶುರು ಮಾಡಿದ್ರು. ಹಾಗಾಗಿ ಸಮುದ್ರ ದಾಟಿ ಬರೋದು ಈ ಥರದ ಮನೆಗಳಿಗೆ ತೀರಾ ಹೊಸ ವಿಷಯವೇನಲ್ಲ ಅಂತ ತಮಾಷೆಗೆ ಹೇಳಬಹುದು.

ಆದ್ರೆ ಈ ಕಥೆಯ ಹೀರೋ ಹೆಂಚಲ್ಲ, ಇಟ್ಟಿಗೆಯೂ ಅಲ್ಲ. ಇಟ್ಟಿಗೆಗಳ ಮಧ್ಯೆ ಇರೋ ಸುಣ್ಣ.

1755ರಲ್ಲಿ ಈಗ ನಾವು ಬಳಸೋ ಸಿಮೆಂಟ್ ಇರಲಿಲ್ಲ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಅನ್ನೋ ಗಾರೆ ಮೇಸ್ತ್ರಿ ಪೇಟೆಂಟ್ ತಗೊಂಡಿದ್ದು 1824ರಲ್ಲಿ. ಅವನೂ ಯಾರ್ಕ್‌ಶೈರ್‌ನವನೇ, ಲೀಡ್ಸ್ ಊರಿನವನು. ಅದಕ್ಕೆ ಮುಂಚೆ ಎಲ್ಲಾ ಸುಣ್ಣದ ಗಾರೆ. ನಮ್ಮ ಹಳೇ ಮನೆಗಳ ಹಾಗೇ. ಸುಣ್ಣದ ಗಾರೆಯ ಗುಣ ಏನಂದ್ರೆ ಅದು ಇಟ್ಟಿಗೆಗಿಂತ ಮೆತ್ತಗೆ. ಗೋಡೆ ಸ್ವಲ್ಪ ಅಲುಗಿದ್ರೆ ಗಾರೆ ಬಿರುಕು ಬಿಡುತ್ತೆ, ಇಟ್ಟಿಗೆ ಉಳಿಯುತ್ತೆ. ಗೋಡೆಯೊಳಗಿನ ತೇವ ಗಾರೆಯ ಮೂಲಕ ಹೊರಗೆ ಹೋಗುತ್ತೆ. ಬಿಚ್ಚಬೇಕು ಅಂದ್ರೆ ಉಳಿ ಹಾಕಿ ತಟ್ಟಿ ಇಟ್ಟಿಗೆಯನ್ನ ಇಡಿಯಾಗಿ ತೆಗೀಬಹುದು, ಅಂಟಿದ ಸುಣ್ಣ ಕೆರೆದು ಮತ್ತೆ ಬಳಸಬಹುದು. ಸಿಮೆಂಟ್ ಗೋಡೆಗೆ ಇದನ್ನ ಟ್ರೈ ಮಾಡಿ ನೋಡಿ. ಗಾರೆ ಬಿಡಲ್ಲ, ಇಟ್ಟಿಗೆಯೇ ಒಡೆಯುತ್ತೆ. ನಮ್ಮ ಬೀದಿಯಲ್ಲಿ ಹಳೇ ಮನೆ ಕೆಡವುವಾಗ ಜೆಸಿಬಿ ತಂದು ಪುಡಿ ಮಾಡ್ತಾರಲ್ಲ, ಆ ಪುಡಿಯಿಂದ ಮತ್ತೆ ಮನೆ ಕಟ್ಟೋಕೆ ಆಗಲ್ಲ. ಕುಕ್ ಮನೆ ಸಮುದ್ರ ದಾಟೋಕೆ ಸಾಧ್ಯ ಆಗಿದ್ದಕ್ಕೆ ದುಡ್ಡಿನಷ್ಟೇ ದೊಡ್ಡ ಕಾರಣ ಈ ಸುಣ್ಣ.

ಸರಿ, ದುಡ್ಡಿನ ವಿಷಯಕ್ಕೆ ಬರೋಣ. ಬಿಕಾಂ ಓದಿದವನಿಗೆ ಇದು ಹಬ್ಬ.

1933ರಲ್ಲಿ ಆ ಮನೆಯ ಒಡತಿ ಅದನ್ನ ಮಾರೋಕೆ ತೀರ್ಮಾನಿಸಿದ್ರು. ಒಂದು ಷರತ್ತು: ಮನೆ ಇಂಗ್ಲೆಂಡಿನಲ್ಲೇ ಉಳಿಯಬೇಕು. ಸ್ಥಳೀಯವಾಗಿ ಬಂದ ಅತಿ ಹೆಚ್ಚಿನ ಬೆಲೆ 300 ಪೌಂಡ್. ಅತ್ತ ಮೆಲ್ಬರ್ನ್‌ನಲ್ಲಿ ರಸೆಲ್ ಗ್ರಿಮ್‌ವೇಡ್ ಅಂತ ಔಷಧಿ ಮತ್ತು ರಾಸಾಯನಿಕ ಉದ್ಯಮದ ದೊಡ್ಡ ಕುಳ. ಅವರ ಆಫರ್ 800 ಪೌಂಡ್. ಒಡತಿಯ ಮನವೊಲಿಸಿ ಷರತ್ತಿನಲ್ಲಿ ಒಂದೇ ಒಂದು ಪದ ಬದಲಾಯಿಸಿದ್ರು. ‘ಇಂಗ್ಲೆಂಡ್’ ಹೋಗಿ ‘ಸಾಮ್ರಾಜ್ಯ’ ಬಂತು. ಮನೆ ಬ್ರಿಟಿಷ್ ಸಾಮ್ರಾಜ್ಯದೊಳಗೆ ಎಲ್ಲಿದ್ರೂ ಆಯ್ತು! ಆ ಪದದ ಪ್ರಕಾರ ನೋಡಿದ್ರೆ ಯಾರಾದರೂ ದುಡ್ಡಿದ್ದವರು ಅದನ್ನ ನಮ್ಮ ಬೆಂಗಳೂರು ಕಂಟೋನ್ಮೆಂಟಿಗೂ ತಂದು ನಿಲ್ಲಿಸಬಹುದಿತ್ತು. ಕಬ್ಬನ್ ಪಾರ್ಕಿನ ಪಕ್ಕದಲ್ಲಿ ಐವಿ ಬಳ್ಳಿಯ ಮನೆ, ಕಲ್ಪನೆ ಮಾಡ್ಕೊಳ್ಳಿ.

ಅಕೌಂಟೆನ್ಸಿ ಕ್ಲಾಸಿನಲ್ಲಿ ಗುಡ್‌ವಿಲ್ ಅನ್ನೋ ಪಾಠ ನೆನಪಿದ್ಯಾ? ಒಂದು ಅಂಗಡಿ ಕೊಳ್ಳುವಾಗ ಅದರ ಸಾಮಾನು, ಕಟ್ಟಡ, ಬಾಕಿ ಎಲ್ಲಾ ಲೆಕ್ಕ ಹಾಕಿ, ಅದಕ್ಕಿಂತ ಮೇಲೆ ಹೆಸರಿಗೆ ಅಂತ ಕೊಡೋ ಹೆಚ್ಚುವರಿ ದುಡ್ಡು. ಇಲ್ಲಿ ಸ್ಥಳೀಯರು ಕಟ್ಟಿದ ಬೆಲೆ 300. ಅದರ ಮೇಲೆ ಕೊಟ್ಟ 500 ಪೌಂಡ್ ಪೂರ್ತಿ ಗುಡ್‌ವಿಲ್. ಕ್ಯಾಪ್ಟನ್ ಕುಕ್ ಅನ್ನೋ ಹೆಸರಿಗೆ. ಇಡೀ ಜಗತ್ತು ಆರ್ಥಿಕ ಕುಸಿತದಲ್ಲಿ ನರಳ್ತಿದ್ದ ವರ್ಷಗಳಲ್ಲಿ, ಕುಕ್ ಬೆಳೆಯದೇ ಇದ್ದ ಮನೆಗೆ, ಇಷ್ಟು ಬೆಲೆ.

ಆಮೇಲೆ ಬಿಚ್ಚೋ ಕೆಲಸ. ಒಂದೊಂದು ಇಟ್ಟಿಗೆಗೂ ನಂಬರ್ ಹಾಕಿ ಪ್ಯಾಕ್ ಮಾಡಿದ್ರು. ಹಲ್ ಬಂದರಿನಿಂದ ‘ಪೋರ್ಟ್ ಡನೀಡಿನ್’ ಅನ್ನೋ ಹಡಗು ಅದನ್ನ ಹೊತ್ತುಕೊಂಡು ಹೊರಟಿತು. ಗೋಡೆಗೆ ಹಬ್ಬಿದ್ದ ಐವಿ ಬಳ್ಳಿಯ ತುಂಡುಗಳನ್ನೂ ಜೊತೆಗೆ ತಂದು ಮೆಲ್ಬರ್ನ್‌ನಲ್ಲಿ ಮತ್ತೆ ನೆಟ್ರು. ಈ ಬಳ್ಳಿಯ ವಿಷಯ ನನಗೆ ತುಂಬಾ ಇಷ್ಟ ಆಯ್ತು. ಮನೆ ಬದಲಾಯಿಸುವಾಗ ಅಜ್ಜಿ ತುಳಸಿ ಗಿಡದ ಮಣ್ಣು ಸಮೇತ ಎತ್ತಿಕೊಂಡು ಹೊರಡೋ ಹಾಗೆ.

ಕಟ್ಟಡ ಬಿಚ್ಚಿ ನಂಬರ್ ಹಾಕಿ ಬೇರೆ ಕಡೆ ಕಟ್ಟೋದು ನಮಗೂ ಗೊತ್ತಿದೆ. ಕೆಆರ್‌ಎಸ್ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನ ಹೀಗೇ ಕಲ್ಲು ಕಲ್ಲಿಗೆ ನಂಬರ್ ಹಾಕಿ ಹೊಸ ಕನ್ನಂಬಾಡಿಗೆ ತಂದು ನಿಲ್ಲಿಸಿದ್ರು. ಆದ್ರೆ ಅಲ್ಲಿ ನೀರು ಬಂದಿತ್ತು. ಗ್ರೇಟ್ ಏಟನ್‌ನಲ್ಲಿ ಯಾವ ಡ್ಯಾಮೂ ಇರಲಿಲ್ಲ. ಅಲ್ಲಿ ಬಂದಿದ್ದು ಒಳ್ಳೇ ಆಫರ್.

ಹಾಗಾದ್ರೆ ಮೆಲ್ಬರ್ನ್‌ಗೆ ಈ ಮನೆ ಯಾಕೆ ಬೇಕಿತ್ತು? 1934ರಲ್ಲಿ ಅಲ್ಲಿ ಬಿಳಿಯರು ನೆಲೆಸಿ ನೂರು ವರ್ಷದ ಸಂಭ್ರಮ. ಗ್ರಿಮ್‌ವೇಡ್ ಈ ಮನೆಯನ್ನ ಆ ವರ್ಷದ ಅಕ್ಟೋಬರ್‌ನಲ್ಲಿ ವಿಕ್ಟೋರಿಯಾ ರಾಜ್ಯದ ಜನರಿಗೆ ಉಡುಗೊರೆ ಅಂತ ಕೊಟ್ರು. ನೂರು ವರ್ಷದ ಊರಿಗೆ ವಯಸ್ಸಾದ ಒಬ್ಬ ಅಜ್ಜ ಬೇಕಿತ್ತು. ಇಲ್ಲದಿದ್ದ ಅಜ್ಜನನ್ನ ತರಿಸಿಕೊಂಡ್ರು ಅಂತ ನಾನು ಓದ್ಕೊಳ್ತೀನಿ.

ತಮಾಷೆ ಏನಂದ್ರೆ, ಕ್ಯಾಪ್ಟನ್ ಕುಕ್ ಈಗಿನ ವಿಕ್ಟೋರಿಯಾದ ನೆಲಕ್ಕೆ ಕಾಲೇ ಇಟ್ಟಿಲ್ಲ. 1770ರ ಏಪ್ರಿಲ್‌ನಲ್ಲಿ ಅವನ ಎಂಡೆವರ್ ಹಡಗಿನಿಂದ ಮೊದಲು ಕಂಡಿದ್ದು ಈ ರಾಜ್ಯದ ಪೂರ್ವ ತುದಿಯ ತೀರ. ಪಾಯಿಂಟ್ ಹಿಕ್ಸ್ ಅಂತ ಹೆಸರಿಟ್ಟು ಉತ್ತರಕ್ಕೆ ಹೊರಟುಹೋದ. ಇಳಿದಿದ್ದು ಸಿಡ್ನಿ ಹತ್ತಿರದ ಬಾಟನಿ ಬೇಯಲ್ಲಿ. ಅಲ್ಲಿ ದಡದಲ್ಲಿ ಅಡ್ಡ ನಿಂತ ಮೂಲನಿವಾಸಿಗಳ ಮೇಲೆ ಬಂದೂಕು ಹಾರಿತು. ಅದೇ ವರ್ಷ ಆಗಸ್ಟ್‌ನಲ್ಲಿ, ಪೂರ್ವ ತೀರ ಪೂರ್ತಿ ಬ್ರಿಟನ್ ರಾಜನಿಗೆ ಸೇರಿದ್ದು ಅಂತ ಒಂದು ಪುಟ್ಟ ದ್ವೀಪದಲ್ಲಿ ನಿಂತು ಘೋಷಿಸಿದ. ಅಲ್ಲಿ ಇದ್ದವರನ್ನ ಯಾರೂ ಕೇಳಲಿಲ್ಲ.

ಇಲ್ಲಿ ಎರಡು ವ್ಯವಹಾರಗಳನ್ನ ಪಕ್ಕ ಪಕ್ಕ ಇಡ್ತೀನಿ. 1835ರಲ್ಲಿ ಜಾನ್ ಬ್ಯಾಟ್‌ಮನ್ ಅನ್ನೋ ವಲಸಿಗ ಈಗಿನ ಮೆಲ್ಬರ್ನ್ ಇರೋ ಜಾಗದ ಮೂಲನಿವಾಸಿ ಹಿರಿಯರ ಜೊತೆ ಒಂದು ಒಪ್ಪಂದ ಮಾಡ್ಕೊಂಡೆ ಅಂದ. ಕಂಬಳಿ, ಚಾಕು, ಕನ್ನಡಿ, ಹಿಟ್ಟು ಇಂಥವಕ್ಕೆ ಬದಲಾಗಿ ಲಕ್ಷಾಂತರ ಎಕರೆ. ಅನ್ಯಾಯದ ಡೀಲ್, ಸರಿ. ಆದ್ರೆ ಗವರ್ನರ್ ರಿಚರ್ಡ್ ಬೋರ್ಕ್ ಅದನ್ನ ರದ್ದು ಮಾಡಿದ್ದು ಅನ್ಯಾಯ ಅಂತ ಅಲ್ಲ. ಆ ಭೂಮಿ ರಾಜನದ್ದು, ಆದ್ದರಿಂದ ಮಾರೋ ಹಕ್ಕೇ ಆ ಜನಕ್ಕಿಲ್ಲ ಅಂತ! ಈ ಕಡೆ, ನೂರು ವರ್ಷ ಆದ ಮೇಲೆ, ಯಾರ್ಕ್‌ಶೈರಿನ ಒಬ್ಬ ಒಡತಿ ತನ್ನ ಹಳೇ ಮನೆ ಎಲ್ಲಿರಬೇಕು ಅಂತ ಷರತ್ತು ಹಾಕಬಹುದು, ಆ ಷರತ್ತಿನ ಒಂದು ಪದ ಬದಲಾಯಿಸೋಕೂ ಅವರ ಒಪ್ಪಿಗೆ ಬೇಕು. ಆ ಮನೆ ಬಂದು ಕೂತಿರೋದು ಒಪ್ಪಿಗೆ ಕೇಳದೇ ತಗೊಂಡ ವುರುಂಡ್ಜೆರಿ ಜನರ ನೆಲದ ಮೇಲೆ.

ಇನ್ನೊಂದು ಲೆಕ್ಕ ನಮ್ಮದೇ. ‘ಸಾಮ್ರಾಜ್ಯ’ ಅನ್ನೋ ಪದದ ಬಲದಿಂದ ಇಟ್ಟಿಗೆಗಳು ಮೆಲ್ಬರ್ನ್‌ಗೆ ಇಳಿದಾಗ, ಅದೇ ಸಾಮ್ರಾಜ್ಯದ ಮೈಸೂರಿನವನೋ ಧಾರವಾಡದವನೋ ಅಲ್ಲಿ ನೆಲೆಸ್ತೀನಿ ಅಂತ ಹೋಗಿದ್ರೆ ಬಾಗಿಲು ಮುಚ್ಚಿರ್ತಿತ್ತು. 1901ರ ವಲಸೆ ಕಾನೂನು, ಬಿಳಿ ಆಸ್ಟ್ರೇಲಿಯಾ ನೀತಿ. ಅದು ಪೂರ್ತಿ ಹೋಗಿದ್ದು 1973ರಲ್ಲಿ. ಇವತ್ತು ಆ ಮನೆ ಮುಂದೆ ನಿಂತು ನಮ್ಮ ಅಕ್ಕ ವಿಡಿಯೋ ಕಾಲ್ ಮಾಡ್ತಾಳೆ ಅಂದ್ರೆ, ಅವಳಿಗಿಂತ 40 ವರ್ಷ ಮುಂಚೆ ಆ ಇಟ್ಟಿಗೆಗಳಿಗೆ ವೀಸಾ ಸಿಕ್ಕಿತ್ತು. ನಲವತ್ತು ಅಂದಿದ್ದು ನೀತಿಯ ಲೆಕ್ಕದಲ್ಲಿ, ಅಕ್ಕನ ವಯಸ್ಸು ನಾನು ಹೇಳಲ್ಲ.

ಈಗ ಸಂರಕ್ಷಣೆ ಅನ್ನೋ ವಿಷಯ. ಮನೆ ಇರೋ ಫಿಟ್ಜ್‌ರಾಯ್ ಗಾರ್ಡನ್ಸ್ ವಿಕ್ಟೋರಿಯಾದ ಪಾರಂಪರಿಕ ಪಟ್ಟಿಯಲ್ಲಿದೆ. 1978ರಲ್ಲಿ ಮನೆಗೆ ಮತ್ತೊಮ್ಮೆ ದುರಸ್ತಿ, ಜೀರ್ಣೋದ್ಧಾರ ಆಯ್ತು. ಒಳಗಿರೋ ಮಂಚ, ಮೇಜು, ಪಾತ್ರೆಗಳಲ್ಲಿ ಕುಕ್ ಕುಟುಂಬದ್ದು ಅಂತ ಇರೋದು ತೀರಾ ಕಡಿಮೆ. ಉಳಿದದ್ದೆಲ್ಲ ಆ ಕಾಲದ ಮನೆ ಹೇಗಿರ್ತಿತ್ತು ಅಂತ ತೋರಿಸೋಕೆ ಜೋಡಿಸಿದ್ದು. ಹೊರಗಿನ ಕೈತೋಟವೂ ಹಾಗೇ.

ಕಟ್ಟಡ ಉಳಿಸೋ ಕೆಲಸದವರಿಗೆ ಒಂದು ನಿಯಮ ಇದೆ. 1964ರ ವೆನಿಸ್ ಸನ್ನದು ಹೇಳುತ್ತೆ: ಸ್ಮಾರಕವನ್ನ ಅದರ ಜಾಗದಿಂದ ಬೇರೆ ಮಾಡೋ ಹಾಗಿಲ್ಲ, ಉಳಿಸೋಕೆ ಬೇರೆ ದಾರಿಯೇ ಇಲ್ಲದಿದ್ರೆ ಮಾತು ಬೇರೆ. 1979ರಲ್ಲಿ ಆಸ್ಟ್ರೇಲಿಯಾದವರೇ ತಮ್ಮದೇ ಒಂದು ಸನ್ನದು ಬರೆದ್ರು, ಬರ್ರಾ ಸನ್ನದು ಅಂತ, ದಕ್ಷಿಣ ಆಸ್ಟ್ರೇಲಿಯಾದ ಗಣಿ ಊರಿನ ಹೆಸರು. ಅದರಲ್ಲೂ ಇದೇ ಮಾತು: ಕಟ್ಟಡ ನಿಂತ ಜಾಗವೂ ಅದರ ಮಹತ್ವದ ಭಾಗ. ಅಂದ್ರೆ ಆ ದೇಶ ಪ್ರೀತಿಯಿಂದ ಕಾಪಾಡ್ತಿರೋ ಈ ಮನೆ ಇವತ್ತಿನ ಅವರದೇ ನಿಯಮದ ಪ್ರಕಾರ ಅಲ್ಲಿಗೆ ಬರೋ ಹಾಗೇ ಇರಲಿಲ್ಲ.

ಹಾಗಂತ ಅದು ‘ಫೇಕ್’ ಅಂತ ಹೇಳೋಕೆ ನನಗೆ ಮನಸ್ಸು ಒಪ್ಪಲ್ಲ. ಇಟ್ಟಿಗೆ ಅವೇ. ಬರೀ ಅದು ನಿಂತ ನೆಲ, ಅದರ ಮುಂದಿನ ಹೊಳೆ, ಅಕ್ಕಪಕ್ಕದ ಮನೆಗಳು ಹಿಂದೆ ಉಳಿದ್ವು. ಗ್ರೇಟ್ ಏಟನ್‌ನಲ್ಲಿ ಮನೆ ಇದ್ದ ಜಾಗದಲ್ಲಿ ಈಗ ಒಂದು ಕಲ್ಲಿನ ಸ್ತಂಭ ಇದೆ. ಅದರ ಕಲ್ಲು ಬಂದಿದ್ದು ಎಲ್ಲಿಂದ ಗೊತ್ತಾ? ಕುಕ್ ಹಡಗಿನಿಂದ ಮೊದಲು ಕಂಡ ಅದೇ ಪಾಯಿಂಟ್ ಹಿಕ್ಸ್‌ನಿಂದ. ಮನೆ ಕೊಟ್ಟಿದ್ದಕ್ಕೆ ಬದಲಾಗಿ ಬಂದ ಗ್ರಾನೈಟ್. ಕುಕ್ ಬೆಳೆಯದ ಮನೆ ಕುಕ್ ಹೋಗದ ಊರಿಗೆ, ಕುಕ್ ಇಳಿಯದ ತೀರದ ಕಲ್ಲು ಕುಕ್ ಬೆಳೆದ ಊರಿಗೆ.

2014ರ ಜನವರಿಯಲ್ಲಿ, ಆಸ್ಟ್ರೇಲಿಯಾ ಡೇ ಹತ್ತಿರ ಬಂದಾಗ, ಈ ಮನೆ ಗೋಡೆ ಮೇಲೆ ಸ್ಪ್ರೇ ಪೇಂಟ್‌ನಲ್ಲಿ ಪ್ರತಿಭಟನೆಯ ಬರಹ ಕಾಣಿಸಿಕೊಂಡಿತು. ಸಿಡ್ನಿಯಲ್ಲಿ ಬ್ರಿಟಿಷ್ ಧ್ವಜ ಏರಿದ ದಿನ ಜನವರಿ 26, ಅದನ್ನ ಏರಿಸಿದ್ದು ಆರ್ಥರ್ ಫಿಲಿಪ್, 1788ರಲ್ಲಿ. ಕುಕ್ ಸತ್ತು ಆಗಲೇ ಒಂಬತ್ತು ವರ್ಷ. ಆದ್ರೂ ಸಿಟ್ಟು ಈ ಮನೆ ಮೇಲೆ ಯಾಕೆ ಬಂತು ಅಂದ್ರೆ, 500 ಪೌಂಡ್ ಗುಡ್‌ವಿಲ್ ಕೊಟ್ಟು ಅದರ ಮೇಲೆ ಆ ಹೆಸರು ಅಂಟಿಸಿದ್ದು ಮೆಲ್ಬರ್ನೇ. ಹೆಸರಿನ ಲಾಭ ತಗೊಂಡ ಮೇಲೆ ಹೆಸರಿನ ಸಾಲವೂ ಅದೇ ಲೆಡ್ಜರ್‌ಗೆ ಬರುತ್ತೆ. ಗೋಡೆಗೆ ಬಣ್ಣ ಬಳಿಯೋದು ನನಗೆ ಇಷ್ಟ ಇಲ್ಲ. ಹಳೇ ಇಟ್ಟಿಗೆ ಬಣ್ಣ ಹೀರಿಕೊಳ್ಳುತ್ತೆ, ತೆಗೆಯೋದು ಕಷ್ಟ. ಆದ್ರೆ ಸಿಟ್ಟು ಯಾಕೆ ಅಂತ ಅರ್ಥ ಆಗಲ್ಲ ಅಂತ ಮಾತ್ರ ಹೇಳಲ್ಲ.

ಕೊನೆಯದಾಗಿ ಹೆಸರಿನ ಬಗ್ಗೆ. ಮೊದಲು ಇದನ್ನ ‘ಕ್ಯಾಪ್ಟನ್ ಕುಕ್ಸ್ ಕಾಟೇಜ್’ ಅಂತಲೇ ಕರೀತಿದ್ರು. ಈಗ ‘ಕ್ಯಾಪ್ಟನ್’ ಬಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಬರೆಯುವಾಗ ಅಪಾಸ್ಟ್ರಫಿ ಅಂತ ಒಂದು ಚುಕ್ಕೆಬಾಲ ಹಾಕ್ತಾರಲ್ಲ, ಅದು ಎಸ್ ಅಕ್ಷರಕ್ಕೆ ಮುಂಚೆ ಬಂದ್ರೆ ಒಬ್ಬ ಕುಕ್‌ನ ಮನೆ, ಆಮೇಲೆ ಬಂದ್ರೆ ಕುಕ್ ಕುಟುಂಬದವರ ಮನೆ. ಈಗ ಅಧಿಕೃತವಾಗಿ ಅದು ಎಸ್ ಆದ ಮೇಲೆ. ಒಂದು ಸಣ್ಣ ಗೆರೆ ಸರಿದು ಮನೆ ಅಪ್ಪ ಅಮ್ಮನಿಗೆ ವಾಪಸ್ ಹೋಯ್ತು.

ಅವರ ಕಥೆ ಹೇಗೆ ಮುಗೀತು ಅಂತ ಹೇಳಿಬಿಡ್ತೀನಿ. ಗ್ರೇಸ್ 1765ರಲ್ಲಿ ತೀರಿಕೊಂಡ್ರು, ಸ್ವಂತ ಮನೆಯಲ್ಲಿ ಹತ್ತೇ ವರ್ಷ. ಹುಟ್ಟಿದ ಎಂಟು ಮಕ್ಕಳಲ್ಲಿ ಹೆಚ್ಚಿನವರನ್ನ ಆ ತಾಯಿ ಅಷ್ಟರಲ್ಲೇ ಕಳ್ಕೊಂಡಿದ್ರು. ಮಗ ಮೊದಲ ದೊಡ್ಡ ಯಾನ ಮುಗಿಸಿ ಬಂದು, 1771ರ ಡಿಸೆಂಬರ್‌ನಲ್ಲಿ ಹೆಂಡತಿ ಜೊತೆ ಏಟನ್‌ಗೆ ಹೋಗಿ ಅಪ್ಪನನ್ನ ನೋಡಿದ. ಮುಂದಿನ ವರ್ಷ ವಯಸ್ಸಾದ ಅಪ್ಪ ಆ ಮನೆ ಬಿಟ್ಟು, ಸಮುದ್ರ ತೀರದ ರೆಡ್‌ಕಾರ್‌ನಲ್ಲಿದ್ದ ಮಗಳು ಮಾರ್ಗರೆಟ್ ಹತ್ತಿರ ಹೋದ್ರು. ಮಗ ಮತ್ತೆ ಹಡಗು ಹತ್ತಿದ. 1779ರ ಫೆಬ್ರವರಿ 14ರಂದು ಹವಾಯಿ ದ್ವೀಪದ ತೀರದಲ್ಲಿ ಅವನು ಸತ್ತ. ಅಪ್ಪ ತೀರಿಕೊಂಡಿದ್ದು ಅದೇ ವರ್ಷ ಏಪ್ರಿಲ್ 1ಕ್ಕೆ. ಮಗನ ಸಾವಿನ ಸುದ್ದಿ ಲಂಡನ್ ತಲುಪಿದ್ದು 1780ರ ಜನವರಿಯಲ್ಲಿ.

ಮೆಲ್ಬರ್ನ್‌ನಲ್ಲಿರೋರು ಇನ್ನೊಂದ್ಸಲ ಅಲ್ಲಿಗೆ ಹೋದ್ರೆ ಬಾಗಿಲ ಮೇಲೆ ನೋಡಿ. ಜೆ, ಜಿ, ಸಿ, ಆಮೇಲೆ 1755. ಜೆ ಅಂದ್ರೆ ಅಪ್ಪ ಜೇಮ್ಸ್. ನಡುವೆ ಇರೋ ಜಿ ಗ್ರೇಸ್. ಆ ಅಕ್ಷರದ ಫೋಟೋ ಒಂದು ಕಳಿಸಿ.